ಹಸಿರು ತಂತ್ರಜ್ಞಾನದ ನವೋದ್ಯಮಗಳು ಮತ್ತು ವ್ಯವಹಾರ ಯೋಜನೆ ಸ್ಪರ್ಧೆಗಳು: ಗದಗ ಭಾಗದ ಉದ್ಯಮಶೀಲರು ತಿಳಿಯಬೇಕಾದ ಸಂಗತಿಗಳು

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘವೊಂದು ನೋಂದಣಿಯಾಯಿತು. ರೈತನ ಅಗತ್ಯವೇನು, ಅದಕ್ಕೆ ಹಣ ಎಲ್ಲಿಂದ ಬರಬೇಕು, ಆ ಹಣ ಯಾವ ಸುಗ್ಗಿಯಲ್ಲಿ ಹೇಗೆ ಮರಳಬೇಕು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳದೆ ಅಂತಹ ಸಂಘ ನಿಲ್ಲುವಂತಿರಲಿಲ್ಲ. ಶತಮಾನವೊಂದು ಕಳೆದ ಮೇಲೆ ಇದೇ ಮೂರು ಪ್ರಶ್ನೆಗಳು ಬೇರೊಂದು ಹೆಸರಿನಲ್ಲಿ ಇಂದಿನ ತರುಣರ ಮುಂದೆ ಬಂದು ನಿಂತಿವೆ. ಆ ಹೆಸರು ‘ವ್ಯವಹಾರ ಯೋಜನೆ ಸ್ಪರ್ಧೆ’.

ಹೊಸ ಉದ್ದಿಮೆಯೊಂದರ ಕಲ್ಪನೆಯನ್ನು ಲಿಖಿತ ರೂಪದಲ್ಲಿ ಮಂಡಿಸಿ, ಅನುಭವಿ ಉದ್ಯಮಿಗಳು, ಬ್ಯಾಂಕಿನವರು ಹಾಗೂ ತಂತ್ರಜ್ಞರು ಕುಳಿತ ತೀರ್ಪುಗಾರರ ಮಂಡಳಿಯ ಪ್ರಶ್ನೆಗಳಿಗೆ ಉತ್ತರಿಸಿ, ಗೆದ್ದವರು ಬಹುಮಾನ, ಅನುದಾನ ಅಥವಾ ಬಂಡವಾಳ ಪಡೆಯುವ ವ್ಯವಸ್ಥೆಗೆ ಈ ಹೆಸರಿದೆ. ನೀರು, ಇಂಧನ ಮತ್ತು ಕಚ್ಚಾ ಮಾಲಿನ ಬಳಕೆ ತಗ್ಗಿಸುವ, ತ್ಯಾಜ್ಯವನ್ನು ಉಪಯೋಗಕ್ಕೆ ತರುವ, ಸೂರ್ಯ ಹಾಗೂ ಗಾಳಿಯಂತಹ ಮೂಲಗಳಿಂದ ಶಕ್ತಿ ಪಡೆಯುವ ತಂತ್ರಗಳಿಗೆ ‘ಹಸಿರು ತಂತ್ರಜ್ಞಾನ’ ಎನ್ನುತ್ತಾರೆ. ಇವೆರಡೂ ಕೂಡುವ ಸ್ಪರ್ಧೆಗಳು ಕಳೆದ ಎರಡು ದಶಕಗಳಲ್ಲಿ ಬಹಳವಾಗಿ ಹೆಚ್ಚಿವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿಯ ತರುಣರಿಗೂ ಇಲ್ಲಿನ ವ್ಯಾಪಾರಸ್ಥರಿಗೂ ಇವುಗಳಿಂದ ಆಗಬಹುದಾದ ಪ್ರಯೋಜನವೇನು, ಎಚ್ಚರ ವಹಿಸಬೇಕಾದ ಅಂಶಗಳಾವುವು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸ್ಪರ್ಧೆಗಳು ಬೆಳೆದು ಬಂದ ಬಗೆ

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ 1984ರಲ್ಲಿ ಆರಂಭವಾದ ‘ಮೂಟ್ ಕಾರ್ಪ್’ ಈ ಬಗೆಯ ಸ್ಪರ್ಧೆಗಳಲ್ಲಿ ಮೊದಲಿನದು. ಕಾನೂನು ವಿದ್ಯಾರ್ಥಿಗಳು ಅಣಕು ನ್ಯಾಯಾಲಯದಲ್ಲಿ ವಾದಿಸಿ ಕಲಿಯುವಂತೆ ವಾಣಿಜ್ಯ ವಿದ್ಯಾರ್ಥಿಗಳು ಅಣಕು ಹೂಡಿಕೆದಾರರ ಮುಂದೆ ಯೋಜನೆ ಮಂಡಿಸಿ ಕಲಿಯಲಿ ಎಂಬುದು ಅದರ ಹಿಂದಿನ ಆಲೋಚನೆ. 1990ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆ ಹತ್ತು ಸಾವಿರ ಡಾಲರ್ ಬಹುಮಾನದ ಸ್ಪರ್ಧೆಯನ್ನು ಆರಂಭಿಸಿತು. ಮುಂದೆ ಅದರ ಬಹುಮಾನದ ಮೊತ್ತ ಒಂದು ಲಕ್ಷ ಡಾಲರಿಗೆ ಏರಿತು. ಭಾರತದಲ್ಲಿ ಮುಂಬಯಿಯ ಐಐಟಿ 1998ರಲ್ಲಿ ‘ಯುರೇಕಾ’ ಸ್ಪರ್ಧೆಯನ್ನು ಪ್ರಾರಂಭಿಸಿತು. ಇಂಧನ ಮತ್ತು ಪರಿಸರಕ್ಕೆ ಮೀಸಲಾದ ಸ್ಪರ್ಧೆಗಳು ಬಂದದ್ದು 2005ರ ನಂತರ. ಕ್ಯಾಲಿಫೋರ್ನಿಯಾದ ‘ಕ್ಲೀನ್‌ಟೆಕ್ ಓಪನ್’ ಮತ್ತು 2008ರ ‘ಎಂಐಟಿ ಕ್ಲೀನ್ ಎನರ್ಜಿ ಪ್ರೈಜ್’ ಇವುಗಳಲ್ಲಿ ಪ್ರಮುಖವಾದವು. ವಿಶ್ವಸಂಸ್ಥೆಯ ಕೈಗಾರಿಕಾ ಅಭಿವೃದ್ಧಿ ಸಂಸ್ಥೆಯು ಕೇಂದ್ರ ಸರಕಾರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಸಚಿವಾಲಯದೊಡನೆ ಸೇರಿ ಇದೇ ಮಾದರಿಯ ಕಾರ್ಯಕ್ರಮವನ್ನು 2013ರಲ್ಲಿ ನಮ್ಮ ದೇಶಕ್ಕೂ ತಂದಿತು.

ಸ್ಪರ್ಧೆಯ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ತೆರನಾಗಿದೆ. ಮೊದಲು ಎರಡು ಅಥವಾ ಮೂರು ಪುಟಗಳ ಸಾರಾಂಶವನ್ನು ಕಳುಹಿಸಬೇಕು. ಆಯ್ಕೆಯಾದವರಿಗೆ ಮಾರ್ಗದರ್ಶಕರನ್ನು ಒದಗಿಸಲಾಗುತ್ತದೆ. ಅವರ ನೆರವಿನಿಂದ ಮಾರುಕಟ್ಟೆ, ಉತ್ಪಾದನಾ ವೆಚ್ಚ, ಮಾರಾಟ ದರ, ತಂಡದ ಅರ್ಹತೆ, ಮೂರರಿಂದ ಐದು ವರ್ಷಗಳ ಆಯವ್ಯಯ ಇವೆಲ್ಲವನ್ನೂ ಒಳಗೊಂಡ ಪೂರ್ಣ ಯೋಜನೆ ಸಿದ್ಧವಾಗುತ್ತದೆ. ಕೊನೆಯ ಸುತ್ತಿನಲ್ಲಿ ಹತ್ತು ನಿಮಿಷಗಳ ಮಂಡನೆ, ನಂತರ ಪ್ರಶ್ನೋತ್ತರ. ಬಹುತೇಕ ತಂಡಗಳು ಮಂಡನೆಯ ಹತ್ತು ನಿಮಿಷಗಳಿಗಾಗಿ ತಿಂಗಳುಗಟ್ಟಲೆ ಸಿದ್ಧತೆ ನಡೆಸುತ್ತವೆ. ಆದರೆ ಫಲಿತಾಂಶ ನಿರ್ಧಾರವಾಗುವುದು ಹೆಚ್ಚಾಗಿ ಪ್ರಶ್ನೋತ್ತರದ ಹೊತ್ತಿನಲ್ಲಿ.

ಗೆದ್ದವರು ಕಲಿಸುವ ಪಾಠ

ಬಿಹಾರದ ‘ಹಸ್ಕ್ ಪವರ್ ಸಿಸ್ಟಮ್ಸ್’ ಭತ್ತದ ಹೊಟ್ಟಿನಿಂದ ವಿದ್ಯುತ್ ಉತ್ಪಾದಿಸಿ ಹಳ್ಳಿಗಳಿಗೆ ಪೂರೈಸಲು ಹುಟ್ಟಿದ ಸಂಸ್ಥೆ. 2008ರಲ್ಲಿ ಅದರ ತಂಡವು ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ಶಾಲೆಯ ಸ್ಪರ್ಧೆಯಲ್ಲೂ ಟೆಕ್ಸಾಸ್ ವಿಶ್ವವಿದ್ಯಾಲಯದ ಸಾಮಾಜಿಕ ನಾವೀನ್ಯ ಸ್ಪರ್ಧೆಯಲ್ಲೂ ಗೆದ್ದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಗೆಲ್ಲುವ ಮೊದಲೇ, ಅಂದರೆ 2007ರ ಆಗಸ್ಟ್ 15ರಂದೇ, ಪಶ್ಚಿಮ ಚಂಪಾರಣದ ತಮಕುಹಾ ಗ್ರಾಮದಲ್ಲಿ ಅವರ ಮೊದಲ ಘಟಕ ದೀಪ ಬೆಳಗಿಸಿತ್ತು. ತೀರ್ಪುಗಾರರ ಮುಂದೆ ಅವರು ಇಟ್ಟದ್ದು ಬರಿಯ ಕಲ್ಪನೆಯಲ್ಲ, ನಡೆಯುತ್ತಿದ್ದ ಯಂತ್ರದ ಲೆಕ್ಕ. ಕಾಲಾಂತರದಲ್ಲಿ ಆ ಸಂಸ್ಥೆ ಸೌರಶಕ್ತಿಯ ಕಡೆಗೂ ಹೊರಳಿತು.

ಬಾಸ್ಟನ್ನಿನ ‘ಪ್ರೊಮಿಥಿಯನ್ ಪವರ್ ಸಿಸ್ಟಮ್ಸ್’ ಕಥೆ ಇನ್ನೊಂದು ಬಗೆಯದು. 2007ರ ಎಂಐಟಿ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನವರೆಗೆ ಬಂದ ಈ ತಂಡದ ಮೂಲ ಯೋಜನೆ ಸೌರಶಕ್ತಿಗೆ ಸಂಬಂಧಿಸಿತ್ತು. ಭಾರತದ ಹಳ್ಳಿಗಳಿಗೆ ಬಂದು ನೋಡಿದಾಗ, ಕರೆದ ಹಾಲು ಡೇರಿ ಸೇರುವಷ್ಟರಲ್ಲಿ ಕೆಡುವುದೇ ದೊಡ್ಡ ನಷ್ಟವೆಂಬುದು ಅವರ ಅರಿವಿಗೆ ಬಂತು. ಸೌರಶಕ್ತಿಯಿಂದ ಹಾಲು ತಂಪಾಗಿಸುವ ಯಂತ್ರ ಮಾಡಿದರು, ಅದು ದುಬಾರಿಯಾಯಿತು. ಕೊನೆಗೆ ವಿದ್ಯುತ್ ಇರುವ ಗಂಟೆಗಳಲ್ಲಿ ತಂಪನ್ನು ಸಂಗ್ರಹಿಸಿಟ್ಟುಕೊಂಡು, ಹಾಲು ಬಂದಾಗ ತಂಪಾಗಿಸುವ ಸಾಧನವನ್ನು ರೂಪಿಸಿದರು. ಡೇರಿಗಳು ಕೊಂಡದ್ದು ಅದನ್ನು. ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದ ಯೋಜನೆ ಬೇರೆ, ಮಾರುಕಟ್ಟೆಯಲ್ಲಿ ನಿಂತ ಸರಕು ಬೇರೆ.

ಮೂರನೆಯ ನಿದರ್ಶನ ಮಹಾರಾಷ್ಟ್ರದ ‘ಎಸ್4ಎಸ್ ಟೆಕ್ನಾಲಜೀಸ್’. ಇದರ ಸೌರ ಒಣಗಿಸುವ ಯಂತ್ರವು 2013ರಲ್ಲಿ ಡೆಲ್ ಸಾಮಾಜಿಕ ನಾವೀನ್ಯ ಸ್ಪರ್ಧೆಯ ಪ್ರಥಮ ಬಹುಮಾನ ಪಡೆಯಿತು. ಹತ್ತು ವರ್ಷಗಳ ನಂತರ, 2023ರಲ್ಲಿ, ಹತ್ತು ಲಕ್ಷ ಪೌಂಡ್ ಮೊತ್ತದ ‘ಅರ್ಥ್‌ಶಾಟ್’ ಪ್ರಶಸ್ತಿಯೂ ಆ ಸಂಸ್ಥೆಗೆ ಸಂದಿತು. ಈ ನಡುವಿನ ಅವಧಿಯಲ್ಲಿ ಅದು ಯಂತ್ರ ಮಾರುವುದಷ್ಟಕ್ಕೇ ನಿಲ್ಲಲಿಲ್ಲ. ಗ್ರಾಮೀಣ ಮಹಿಳೆಯರಿಗೆ ಯಂತ್ರ ಒದಗಿಸಿ, ಅವರು ಒಣಗಿಸಿದ ತರಕಾರಿಯನ್ನು ತಾನೇ ಕೊಂಡು ಆಹಾರ ಕಂಪನಿಗಳಿಗೆ ಪೂರೈಸುವ ಕ್ರಮವನ್ನು ಕಟ್ಟಿತು. ಯಂತ್ರಕ್ಕಿಂತ ಆ ಖರೀದಿಯ ಸರಪಳಿಯೇ ಇದರ ನಿಜವಾದ ಬಂಡವಾಳವೆನ್ನಬೇಕು.

ಈ ಮೂರೂ ನಿದರ್ಶನಗಳಿಂದ ಹೊರಡುವ ತಾತ್ಪರ್ಯ ಒಂದೇ. ಬಹುಮಾನ ಉದ್ದಿಮೆಯನ್ನು ನಿಲ್ಲಿಸುವುದಿಲ್ಲ. ಯಾರು, ಯಾವ ತಿಂಗಳಲ್ಲಿ, ಯಾವ ದರಕ್ಕೆ, ಏತಕ್ಕಾಗಿ ಹಣ ಕೊಡುತ್ತಾರೆ ಎಂಬುದಕ್ಕೆ ಸಿಕ್ಕ ಉತ್ತರ ನಿಲ್ಲಿಸುತ್ತದೆ.

ನಮ್ಮ ಪೇಟೆಗೆ ಒಪ್ಪುವ ಲೆಕ್ಕ

ಈ ಭಾಗದ ಪೇಟೆಗಳಿಗೆ ಈರುಳ್ಳಿ ಮುಖ್ಯ ಆವಕಗಳಲ್ಲೊಂದು. ದರ ಕುಸಿದ ವರ್ಷ ಮಾರುಕಟ್ಟೆಯ ಪ್ರಾಂಗಣದಲ್ಲಿಯೇ ಮಾಲು ಕೊಳೆಯುವುದನ್ನು ಎಲ್ಲರೂ ಕಂಡಿದ್ದಾರೆ. ಆದ್ದರಿಂದ ಸೌರ ಒಣಗಿಸುವ ಯಂತ್ರದ ಯೋಜನೆ ಇಲ್ಲಿನ ಯಾವ ತರುಣನಿಗಾದರೂ ಮೊದಲು ಹೊಳೆಯುವಂಥದು. ಅದನ್ನೇ ಉದಾಹರಣೆಯಾಗಿ ಪರಿಶೀಲಿಸಬಹುದು. ಕೆಳಗಿನ ದರಗಳು ಲೆಕ್ಕ ತೋರಿಸಲು ಇಟ್ಟುಕೊಂಡವುಗಳೇ ಹೊರತು ಪೇಟೆಯ ದರಗಳಲ್ಲ.

ಯಂತ್ರದ ಬೆಲೆ 1,00,000 ರೂಪಾಯಿ, ಬಾಳಿಕೆ 8 ವರ್ಷ ಎಂದಿಟ್ಟುಕೊಂಡರೆ ವರ್ಷಕ್ಕೆ ಸವಕಳಿ 12,500 ರೂ. ಬಡ್ಡಿ 6,000 ರೂ., ದುರಸ್ತಿ 3,500 ರೂ. ಸೇರಿ ವಾರ್ಷಿಕ ವೆಚ್ಚ 22,000 ರೂ. ಆಗುತ್ತದೆ. ಈರುಳ್ಳಿಯಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ, ಸಿಪ್ಪೆ ಕಳೆದು ಒಣಗಿಸಿದರೆ 100 ಕಿಲೋ ಹಸಿ ಮಾಲಿಗೆ ಸುಮಾರು 10 ಕಿಲೋ ಒಣ ಚೂರು ಸಿಗುತ್ತದೆ. ಯಂತ್ರ ದಿನಕ್ಕೆ 100 ಕಿಲೋ ಹಸಿ ಮಾಲನ್ನು ಒಣಗಿಸುವುದಾದರೆ, ಸುಗ್ಗಿಯ 60 ದಿನ ಮಾತ್ರ ನಡೆದಾಗ 600 ಕಿಲೋ ಒಣ ಸರಕು ಬರುತ್ತದೆ. ಕಿಲೋ ಒಂದಕ್ಕೆ ಯಂತ್ರದ ವೆಚ್ಚ ಸುಮಾರು 37 ರೂ. ಬೀಳುತ್ತದೆ. ಅದೇ ಯಂತ್ರ ಬೇರೆ ಬೇರೆ ಬೆಳೆಗಳನ್ನು ಹಿಡಿದು 220 ದಿನ ನಡೆದು ಅಷ್ಟೇ ಪ್ರಮಾಣದ ಸರಕು ಕೊಟ್ಟರೆ ಆ ವೆಚ್ಚ 10 ರೂ.ಗೆ ಇಳಿಯುತ್ತದೆ. ಎಂದರೆ, ಈರುಳ್ಳಿ ಮುಗಿದ ಮೇಲೆ ಏನನ್ನು ಒಣಗಿಸಲಾಗುವುದು ಎಂಬುದು ಯಂತ್ರದ ವಿನ್ಯಾಸದಷ್ಟೇ ಮುಖ್ಯವಾದ ಪ್ರಶ್ನೆ. ಮೆಣಸಿನಕಾಯಿ, ಟೊಮೆಟೊ, ಕರಿಬೇವು, ನುಗ್ಗೆಸೊಪ್ಪು ಇವುಗಳ ಹಂಗಾಮನ್ನು ತಿಂಗಳುವಾರು ಪಟ್ಟಿ ಮಾಡಿ ತೋರಿಸಿದ ತಂಡಕ್ಕೆ ತೀರ್ಪುಗಾರರು ಬೆಲೆ ಕೊಡುತ್ತಾರೆ.

ಇನ್ನು ಕಚ್ಚಾ ಮಾಲು. ಈರುಳ್ಳಿ ಕಿಲೋಗೆ 10 ರೂ. ಇದ್ದಾಗ ಒಂದು ಕಿಲೋ ಒಣ ಚೂರಿನಲ್ಲಿ 100 ರೂ. ಮಾಲಿನ ಬೆಲೆಯೇ ಇರುತ್ತದೆ, 30 ರೂ. ಆದಾಗ 300 ರೂ. ಆಗುತ್ತದೆ. ಸಿಪ್ಪೆ ತೆಗೆಯುವ, ಹೆಚ್ಚುವ ಕೂಲಿ ಇದಕ್ಕೆ ಹೊರತು. ‘ಸೂರ್ಯನ ಬಿಸಿಲು ಪುಕ್ಕಟೆ’ ಎಂಬ ಮಾತು ನಿಜವಾದರೂ ಒಟ್ಟು ವೆಚ್ಚದಲ್ಲಿ ಬಿಸಿಲಿನ ಪಾಲು ಬಹಳ ಕಡಿಮೆ. ದರ ಏರಿದ ವರ್ಷ ಕಂಪನಿಗೆ ಒಪ್ಪಿದ ದರದಲ್ಲಿ ಹೇಗೆ ಪೂರೈಸುತ್ತೀರಿ ಎಂಬ ಪ್ರಶ್ನೆಗೆ ಯೋಜನೆಯಲ್ಲಿ ಉತ್ತರವಿರಬೇಕು. ಮತ್ತೊಂದು ತೊಡಕೂ ಇದೆ. ಇಲ್ಲಿನ ಮುಂಗಾರಿ ಈರುಳ್ಳಿ ಪೇಟೆಗೆ ಬರುವುದು ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಹಿಂಗಾರಿ ಮಳೆಯ ಮೋಡ ಕವಿಯುವುದೂ ಆಗಲೇ. ಮಾಲು ಕೊಳೆಯುವ ದಿನಗಳೆಂದರೆ ಬಿಸಿಲಿಲ್ಲದ ದಿನಗಳೇ. ಆದುದರಿಂದ ಕೇವಲ ಬಿಸಿಲನ್ನು ನಂಬಿದ ಯಂತ್ರ, ಹೆಚ್ಚು ಬೇಕಾದ ವೇಳೆಯಲ್ಲಿಯೇ ಕೈಕೊಡಬಹುದು. ಕೃಷಿ ತ್ಯಾಜ್ಯದ ಒಲೆಯನ್ನೋ ವಿದ್ಯುತ್ತನ್ನೋ ಪೂರಕವಾಗಿ ಇಟ್ಟುಕೊಳ್ಳಬೇಕಾಗುತ್ತದೆ. ಆಗ ಮೇಲಿನ ಲೆಕ್ಕವನ್ನು ಮತ್ತೆ ಮಾಡಬೇಕು.

ಪುಕ್ಕಟೆ ವಿದ್ಯುತ್ತು ಮತ್ತು ಕಸದ ಬೆಲೆ

ಹಸಿರು ತಂತ್ರಜ್ಞಾನದ ಯೋಜನೆಗಳಲ್ಲಿ ಮೇಲಿಂದ ಮೇಲೆ ಕಾಣುವ ದೋಷವೆಂದರೆ ಉಳಿತಾಯದ ತಪ್ಪು ಅಂದಾಜು. ಮುಂಡರಗಿ ಅಥವಾ ಶಿರಹಟ್ಟಿಯ ರೈತನಿಗೆ ಸೌರ ಪಂಪ್‌ಸೆಟ್ ಮಾರುವ ತಂಡವೊಂದು ‘ವಿದ್ಯುತ್ ಬಿಲ್ಲು ಉಳಿಯುತ್ತದೆ’ ಎಂದು ಬರೆದರೆ ಆ ಯೋಜನೆ ಅಲ್ಲಿಗೇ ಬೀಳುತ್ತದೆ. ಕರ್ನಾಟಕದಲ್ಲಿ 2008ರಿಂದ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ರೈತನಿಗೆ ಉಳಿಯುವುದು ಬಿಲ್ಲಲ್ಲ. ಹಗಲಿನಲ್ಲಿ ನೀರು ಹಾಯಿಸುವ ಅನುಕೂಲ, ಸುಟ್ಟ ಮೋಟಾರು ಕಟ್ಟಿಸುವ ಖರ್ಚು, ರಾತ್ರಿ ಹೊಲಕ್ಕೆ ಹೋಗುವ ಅಪಾಯ. ಇವುಗಳಿಗೆ ಆತ ಎಷ್ಟು ಹಣ ಕೊಡಲು ಸಿದ್ಧನಿದ್ದಾನೆಂಬುದನ್ನು ಹೊಲಕ್ಕೆ ಹೋಗಿಯೇ ಕೇಳಿ ತಿಳಿಯಬೇಕು. ಬೆಟಗೇರಿಯ ನೇಕಾರರಿಗಾಗಿ ಸೌರ ಮೋಟಾರು ಅಥವಾ ದೀಪದ ವ್ಯವಸ್ಥೆಯನ್ನು ಯೋಚಿಸುವವರಿಗೂ ಇದೇ ಮಾತು ಸಲ್ಲುತ್ತದೆ. ವಿದ್ಯುತ್ ರಿಯಾಯಿತಿ ಇರುವಲ್ಲಿ ಬಿಲ್ಲಿನ ಉಳಿತಾಯಕ್ಕಿಂತ, ವಿದ್ಯುತ್ ಹೋದಾಗ ನಿಲ್ಲದ ಮಗ್ಗ ಹೆಚ್ಚು ನೇಯುವ ಸೀರೆಗಳ ಲೆಕ್ಕವೇ ಗಟ್ಟಿಯಾದುದು.

ಎರಡನೆಯ ದೋಷ, ತ್ಯಾಜ್ಯ ಎಂದೆಂದಿಗೂ ಪುಕ್ಕಟೆ ಸಿಗುತ್ತದೆಂಬ ನಂಬಿಕೆ. ಹತ್ತಿಯ ಕಟ್ಟಿಗೆ, ಮೆಕ್ಕೆಜೋಳದ ದಿಂಡು, ಶೇಂಗಾ ಸಿಪ್ಪೆ ಇವುಗಳಿಂದ ಉರುವಲಿನ ಬ್ರಿಕೆಟ್ ಮಾಡುವ ಯೋಜನೆಗೆ ಈ ಭಾಗದಲ್ಲಿ ಅವಕಾಶವಿದೆ. ಆದರೆ ಹೊಲದಲ್ಲಿ ಚದುರಿಬಿದ್ದ ಹಗುರ ಮಾಲನ್ನು ಕೂಡಿಸಿ, ಹೇರಿ ತರುವ ಖರ್ಚೇ ಮುಖ್ಯ ಖರ್ಚು. ಟ್ರ್ಯಾಕ್ಟರಿನ ಟ್ರೇಲರ್ ತುಂಬುತ್ತದೆ, ತೂಕ ತುಂಬುವುದಿಲ್ಲ. ಮೇಲಾಗಿ, ಕಸಕ್ಕೆ ಗಿರಾಕಿ ಬಂದೊಡನೆ ಕಸಕ್ಕೂ ದರ ಬರುತ್ತದೆ. ಎಣ್ಣೆ ಗಿರಣಿ ಅಥವಾ ಹತ್ತಿ ಜಿನ್ನಿನಂತೆ ತ್ಯಾಜ್ಯ ಒಂದೇ ಕಡೆ ಬೀಳುವ ಸ್ಥಳಗಳಿಂದ ಆರಂಭಿಸಿ, ಮಾಲೀಕರೊಡನೆ ಎರಡು-ಮೂರು ವರ್ಷದ ದರವನ್ನು ಲಿಖಿತವಾಗಿ ಗೊತ್ತುಪಡಿಸಿಕೊಂಡ ಯೋಜನೆ ಹೆಚ್ಚು ನಂಬಿಕೆಗೆ ಅರ್ಹವೆನಿಸುತ್ತದೆ.

ಮೂರನೆಯದು ಕಾನೂನಿನ ಅಂಶ. ಕಪ್ಪತಗುಡ್ಡದ ಔಷಧೀಯ ಸಸ್ಯಗಳನ್ನು ಆಧರಿಸಿದ ಉದ್ದಿಮೆಯ ಆಲೋಚನೆ ಗದಗ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಸಹಜ. ಆದರೆ 2019ರಲ್ಲಿ ಕಪ್ಪತಗುಡ್ಡದ 244.15 ಚದರ ಕಿಲೋಮೀಟರ್ ಪ್ರದೇಶವನ್ನು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ. ಅಲ್ಲಿಂದ ಸಸ್ಯಗಳನ್ನು ಕಿತ್ತು ತರುವ ಯೋಜನೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ಅಡ್ಡಬರುತ್ತದೆ. ಅದೇ ಸಸ್ಯಗಳನ್ನು ಸುತ್ತಲಿನ ರೈತರ ಹೊಲಗಳಲ್ಲಿ ಬೆಳೆಸಿ ಕೊಳ್ಳುವ ಯೋಜನೆಯಾದರೆ ಗುಡ್ಡಕ್ಕೂ ರೈತನಿಗೂ ಉಪಕಾರವಾದೀತು. ಗುಡ್ಡದ ಸುತ್ತ ಕಾಣುವ ಗಾಳಿಯಂತ್ರಗಳು ದೊಡ್ಡ ಬಂಡವಾಳದ ಉದ್ದಿಮೆ. ಸಣ್ಣ ನವೋದ್ಯಮಕ್ಕೆ ಅವಕಾಶವಿರುವುದು ಅಂತಹ ಯಂತ್ರಗಳ ನಿರ್ವಹಣೆ, ಬಿಡಿಭಾಗಗಳ ದುರಸ್ತಿ ಮೊದಲಾದ ಸೇವೆಗಳಲ್ಲಿ.

ಎಲ್ಲಿ ಭಾಗವಹಿಸಬಹುದು

ಕರ್ನಾಟಕ ಸರಕಾರವು ತನ್ನ 2015–20ರ ನವೋದ್ಯಮ ನೀತಿಯ ಅಡಿಯಲ್ಲಿ 2017ರಲ್ಲಿ ‘ಎಲಿವೇಟ್’ ಸ್ಪರ್ಧೆಯನ್ನು ಆರಂಭಿಸಿತು. ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂ.ವರೆಗೆ ಅನುದಾನ ದೊರೆಯುತ್ತದೆ. ಇದು ಸಾಲವಲ್ಲ, ಪಾಲು ಬಂಡವಾಳವೂ ಅಲ್ಲ. ಹಣ ಮಾತ್ರ ಒಮ್ಮೆಲೇ ಬರದೆ ಕೆಲಸದ ಪ್ರಗತಿಗೆ ತಕ್ಕಂತೆ ಕಂತುಗಳಲ್ಲಿ ಬರುತ್ತದೆ. ಅದೇ ನೀತಿಯ ‘ನ್ಯೂ ಏಜ್ ಇನ್ನೊವೇಶನ್ ನೆಟ್‌ವರ್ಕ್’ ಯೋಜನೆಯು ಬೆಂಗಳೂರಿನ ಹೊರಗಿನ ಕಾಲೇಜುಗಳ ವಿದ್ಯಾರ್ಥಿ ಯೋಜನೆಗಳಿಗೆ ತಲಾ 3 ಲಕ್ಷ ರೂ.ವರೆಗೆ ನೆರವು ನೀಡಿತು. 2025–30ರ ಹೊಸ ನೀತಿಯು ರಾಜ್ಯದಲ್ಲಿ 25,000 ನವೋದ್ಯಮಗಳ ಗುರಿ ಇಟ್ಟುಕೊಂಡಿದ್ದು, ಅವುಗಳಲ್ಲಿ 10,000 ಬೆಂಗಳೂರಿನ ಹೊರಗೆ ಬೆಳೆಯಬೇಕೆಂದು ಹೇಳಿದೆ.

ಕೇಂದ್ರ ಸರಕಾರದ ‘ಸ್ಟಾರ್ಟ್‌ಅಪ್ ಇಂಡಿಯಾ’ 2016ರ ಜನವರಿ 16ರಂದು ಆರಂಭವಾಯಿತು. ಅದರ ಬೀಜನಿಧಿ ಯೋಜನೆಯು 2021ರಲ್ಲಿ 945 ಕೋಟಿ ರೂ. ಗಾತ್ರದೊಂದಿಗೆ ಬಂದು, ಮಾದರಿ ಯಂತ್ರ ಸಿದ್ಧಪಡಿಸಲು 20 ಲಕ್ಷ ರೂ.ವರೆಗೆ ಅನುದಾನಕ್ಕೆ ಅವಕಾಶ ಕಲ್ಪಿಸಿತು. ಸೂಕ್ಷ್ಮ, ಸಣ್ಣ ಉದ್ದಿಮೆಗಳ ಸಚಿವಾಲಯದ ‘ಐಡಿಯಾ ಹ್ಯಾಕಥಾನ್’ 2022ರಿಂದ ನಡೆದು, ಮೆಚ್ಚುಗೆ ಪಡೆದ ಕಲ್ಪನೆಗೆ 15 ಲಕ್ಷ ರೂ.ವರೆಗೆ ನೆರವು ಘೋಷಿಸಿತು. ಇವುಗಳ ಅರ್ಜಿಯ ಅವಧಿ ಮತ್ತು ನಿಯಮಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದರಿಂದ ಆಯಾ ಪ್ರಕಟಣೆಯನ್ನು ನೋಡಿಯೇ ಮುಂದುವರಿಯಬೇಕು.

ಹತ್ತಿರದ ನೆರವೂ ಇದೆ. ಗದಗದಿಂದ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನದ ನವೋದ್ಯಮ ಪೋಷಣಾ ಕೇಂದ್ರವಿದೆ. ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿಯೂ ಇಂತಹ ಕೇಂದ್ರವಿದೆ. ಪ್ರತಿಷ್ಠಾನದ ‘ಲೀಡ್’ ಕಾರ್ಯಕ್ರಮ ಕಾಲೇಜು ವಿದ್ಯಾರ್ಥಿಗಳ ಸಣ್ಣ ಯೋಜನೆಗಳಿಗೆ ಸಣ್ಣ ಮೊತ್ತದ ಬೀಜಧನ ಕೊಟ್ಟು ಪ್ರಯೋಗಕ್ಕೆ ಹಚ್ಚಿತು. ಗದಗದ ತೋಂಟದಾರ್ಯ ಎಂಜಿನಿಯರಿಂಗ್ ಕಾಲೇಜು, ಲಕ್ಷ್ಮೇಶ್ವರದ ಅಗಡಿ ಎಂಜಿನಿಯರಿಂಗ್ ಕಾಲೇಜು, ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಇವು ನಾಲ್ಕೂ ತಂತ್ರಜ್ಞಾನ, ಗ್ರಾಮ ಹಾಗೂ ಬೆಳೆಯ ಜ್ಞಾನವನ್ನು ಒದಗಿಸಬಲ್ಲ ಸಂಸ್ಥೆಗಳು.

ಅರ್ಜಿ ಹಾಕುವ ಮುನ್ನ

ಸ್ಪರ್ಧೆಯ ನಿಯಮಗಳನ್ನು ಪೂರ್ತಿಯಾಗಿ ಓದಬೇಕು. ಬಹುಮಾನ ಅನುದಾನವೋ, ಸಾಲವೋ, ಅಥವಾ ಸಂಸ್ಥೆಯಲ್ಲಿ ಪಾಲು ಕೇಳುವ ಬಂಡವಾಳವೋ ಎಂಬುದನ್ನು ತಿಳಿದುಕೊಳ್ಳಬೇಕು. ಯಂತ್ರದ ಹೊಸತನವನ್ನು ವೇದಿಕೆಯ ಮೇಲೆ ಬಹಿರಂಗಪಡಿಸಿದ ಮೇಲೆ ಪೇಟೆಂಟ್ ಪಡೆಯುವುದು ಕಷ್ಟವಾಗಬಹುದು. ಆದ್ದರಿಂದ ಮೊದಲೇ ತಾತ್ಕಾಲಿಕ ಅರ್ಜಿ ಸಲ್ಲಿಸುವುದು ಲೇಸು. ವ್ಯಕ್ತಿಗಳಿಗೂ ನವೋದ್ಯಮಗಳಿಗೂ ಆನ್‌ಲೈನ್ ಮೂಲಕ ಇದರ ಶುಲ್ಕ 1,600 ರೂ. ಸಲ್ಲಿಸಿದ ದಿನದಿಂದ 12 ತಿಂಗಳೊಳಗೆ ಪೂರ್ಣ ವಿವರಣೆಯನ್ನು ಕೊಡಬೇಕು. ಸ್ಪರ್ಧೆಯಿಂದ ಸ್ಪರ್ಧೆಗೆ ತಿರುಗುವುದೇ ಉದ್ಯೋಗವಾಗದಂತೆಯೂ ನೋಡಿಕೊಳ್ಳಬೇಕು. ಪ್ರಶಸ್ತಿ ಫಲಕಗಳು ಹೆಚ್ಚಿ ಗಿರಾಕಿಗಳ ಸಂಖ್ಯೆ ಹೆಚ್ಚದಿದ್ದರೆ ಆ ಉದ್ದಿಮೆ ತಪ್ಪು ದಾರಿಯಲ್ಲಿದೆಯೆಂದೇ ತಿಳಿಯಬೇಕು.

ವ್ಯಾಪಾರಸ್ಥರ ಪಾತ್ರ

ಇಂತಹ ಯೋಜನೆಯೊಂದರ ತೂಕ ಹೆಚ್ಚಿಸುವ ಕಾಗದವೆಂದರೆ ಕೊಳ್ಳುವವನು ಬರೆದುಕೊಟ್ಟ ಪತ್ರ. ‘ಈ ಗುಣಮಟ್ಟದ ಸರಕನ್ನು ಈ ದರಕ್ಕೆ ಇಷ್ಟು ಕ್ವಿಂಟಲ್ ಪ್ರಾಯೋಗಿಕವಾಗಿ ಕೊಳ್ಳುತ್ತೇವೆ’ ಎಂಬ ಎರಡು ಸಾಲು, ಹತ್ತು ಪುಟಗಳ ಮಾರುಕಟ್ಟೆ ಸಮೀಕ್ಷೆಗಿಂತ ಬೆಲೆಯುಳ್ಳದ್ದು. ಅದನ್ನು ಕೊಡಬಲ್ಲವರು ಈ ಭಾಗದ ದಲಾಲಿ ಅಂಗಡಿಗಳು, ಗಿರಣಿ ಮಾಲೀಕರು ಮತ್ತು ಸಗಟು ವ್ಯಾಪಾರಿಗಳು. ಗೋದಾಮಿನ ಒಂದು ಮೂಲೆಯನ್ನು ಒಂದು ಸುಗ್ಗಿಯ ಮಟ್ಟಿಗೆ ಪ್ರಯೋಗಕ್ಕೆ ಬಿಟ್ಟುಕೊಡುವುದು, ಹಳೆಯ ಐದು ವರ್ಷಗಳ ಆವಕ-ದರದ ವಹಿಗಳನ್ನು ತೋರಿಸುವುದು, ಕಾಲೇಜಿನ ಸ್ಪರ್ಧೆಗೆ ತೀರ್ಪುಗಾರರಾಗಿ ಅರ್ಧ ದಿನ ಕುಳಿತುಕೊಳ್ಳುವುದು ಇವು ಹೆಚ್ಚಿನ ಹಣ ಬೇಡದ, ಆದರೆ ಹಣಕ್ಕಿಂತ ಹೆಚ್ಚು ಉಪಯುಕ್ತವಾದ ನೆರವು. ಯಾವ ತಿಂಗಳಲ್ಲಿ ಯಾವ ಮಾಲು ಬಿಕರಿಯಾಗದೆ ಉಳಿಯುತ್ತದೆ, ಯಾವ ಮಾಲಿಗೆ ಬ್ಯಾಂಕು ಮುಂಗಡ ಕೊಡುತ್ತದೆ ಎಂಬ ತಿಳಿವಳಿಕೆ ಪಠ್ಯಪುಸ್ತಕಗಳಲ್ಲಿ ಸಿಗುವುದಿಲ್ಲ; ಪೇಟೆಯ ಗಾದಿಯ ಮೇಲೆ ಕುಳಿತವರಲ್ಲಿ ಅದು ಇದೆ.

ಇದರಲ್ಲಿ ವ್ಯಾಪಾರಸ್ಥರ ಸ್ವಂತ ಹಿತವೂ ಅಡಗಿದೆ. ಇಲ್ಲಿ ಓದಿದ ತರುಣ ಎಂಜಿನಿಯರುಗಳು ಪದವಿ ಮುಗಿಸಿ ಹೊರಗೆ ಹೋದರೆ, ಇಲ್ಲಿನ ಮಾಲಿಗೆ ಬೇಕಾದ ಯಂತ್ರಗಳೂ ಹೊರಗಿನಿಂದಲೇ, ಹೊರಗಿನ ಬೆಲೆಗೆ ಬರುತ್ತವೆ. ದುರಸ್ತಿಗೆ ಬರುವವನಿಗಾಗಿ ಸುಗ್ಗಿಯ ನಡುವೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಅದೇ ಯಂತ್ರ ಗದಗದ ಕೈಗಾರಿಕಾ ಪ್ರದೇಶದಲ್ಲಿ ತಯಾರಾದರೆ ಕೊಳ್ಳುವವನಿಗೂ ಮಾಡುವವನಿಗೂ ಒಂದೇ ದಿನದಲ್ಲಿ ಭೇಟಿ ಸಾಧ್ಯ.

ಹಸಿರು ತಂತ್ರಜ್ಞಾನದ ಸ್ಪರ್ಧೆಗೆ ಹೊರಡುವ ತಂಡ ಬೆಂಗಳೂರಿನ ವೇದಿಕೆ ಏರುವ ಮುನ್ನ ಒಂದು ಸುಗ್ಗಿಯನ್ನು ಇಲ್ಲಿಯ ಮಾರುಕಟ್ಟೆ ಪ್ರಾಂಗಣದಲ್ಲಿ ಕಳೆಯಲಿ. ಅಲ್ಲಿ ನಡೆದ ಯಂತ್ರ, ಅಲ್ಲಿ ಸಿಕ್ಕ ಮೊದಲ ಗಿರಾಕಿ, ಅಲ್ಲಿ ಬರೆದಿಟ್ಟ ಖರ್ಚಿನ ವಹಿ ಇವಿಷ್ಟು ಕೈಯಲ್ಲಿದ್ದರೆ ತೀರ್ಪುಗಾರರ ಪ್ರಶ್ನೆಗಳಿಗೆ ಹೆದರಬೇಕಾದ ಕಾರಣವಿಲ್ಲ. ಬಹುಮಾನ ಬಾರದೆ ಹೋದರೂ ವ್ಯವಹಾರವಂತೂ ಉಳಿಯುತ್ತದೆ.